ಗಾಲಿ ಉಸ್ತಾದ್

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಮ್ಮ ಹಯಾತ್ ಸಾಬರ ಮುತ್ತು ಬೊಂಬಾಯಿಯಲ್ಲಿ ಒಡೆಯಿತು, ಮಾತು ಹರಿಹರದಲ್ಲಿ ಹೋಯಿತು.

ಬೊಂಬಾಯಿಯಲ್ಲಿ ಅವರು ಗಾಲಿ ಬೂಟು ಕಟ್ಟಿ ಪಂದ್ಯ ಆಡುತ್ತಿದ್ದವರು. ಓಟದ ಪಂದ್ಯವಲ್ಲ. ನೆಲದ ಮೇಲೆ ಬರೆದ ದೊಡ್ಡ ಇಂಗ್ಲಿಷ್ ಎಂಟರ ಗೆರೆ ಹಿಡಿದು ಒಂಟಿ ಕಾಲಲ್ಲಿ ಜಾರಬೇಕು, ಗಾಲಿ ಗೆರೆ ಬಿಟ್ಟರೆ ಸೋಲು. ಆ ಗೆರೆಯ ಮೇಲೆ ಅವರನ್ನು ಮೀರಿಸುವವರೇ ಇರಲಿಲ್ಲ. ಐವತ್ತಾರನೇ ಇಸವಿಯಲ್ಲಿ ಪಂದ್ಯದ ನಡುವೆ ಬಿದ್ದು ಬಲಮಂಡಿ ಮುರಿದುಕೊಂಡರು. ದಾವಣಗೆರೆಗೆ ಬಂದು, ಹೆಂಡತಿಯ ತಮ್ಮ ಮಕ್ತುಮ್ ಸಾಬರ ಭಟ್ಟಿಯಲ್ಲಿ ಮಂಡಕ್ಕಿ ಹುರಿಯುತ್ತ ಕೂತರು. ಊರವರು ಮಾತ್ರ ಯಾವ ಸರ್ಕಸ್ಸಿನಲ್ಲಿದ್ದಿರಿ ಎಂದೇ ಕೇಳುತ್ತಿದ್ದರು. ಮುರಿದ ಮಂಡಿಗಿಂತ ಆ ಪ್ರಶ್ನೆಯೇ ಅವರಿಗೆ ಹೆಚ್ಚು ನೋಯುತ್ತಿತ್ತು.

ಅರವತ್ಮೂರರಲ್ಲಿ ಹರಿಹರದ ಒಂದು ಕಾರ್ಖಾನೆಯ ಕ್ಲಬ್ಬಿನವರು ಆಫೀಸರುಗಳ ಮಕ್ಕಳಿಗೆಂದು ಸಿಮೆಂಟಿನ ನೆಲ ಮಾಡಿಸಿ, ಜಾರಲು ಕಲಿಸುವವರನ್ನು ಹುಡುಕುತ್ತಿದ್ದಾರೆಂದು ಸುದ್ದಿ ಬಂತು. ಹಯಾತ್ ಸಾಬರಿಗೆ ಊಟ ಸೇರಲಿಲ್ಲ. ಹೊರಡುವ ಬೆಳಿಗ್ಗೆ ಹೆಂಡತಿ ಖುರ್ಷೀದಾಗೆ ಹೇಳಿದರು:

"ಇದೊಂದು ತಪ್ಪಿತು ಅಂದ್ರೆ ಈ ಬೂಟು ಹೊಳಿಗೆ ಹಾಕ್ತೀನಿ. ಆಮ್ಯಾಲೆ ನಂಗೆ ಏನೂ ಬ್ಯಾಡ."

ಜೊತೆಗೆ ಬಂದ ಮಕ್ತುಮ್ ಸಾಬರು ಬಾಯಿ ಮುಚ್ಚಿಕೊಂಡು ಕೂರುವ ಪೈಕಿಯಲ್ಲ. ಕ್ಲಬ್ಬಿನ ಮೇಡಂ ಡೆಲ್ಲಿ ಕಡೆಯವರು ಎಂದು ತಿಳಿದದ್ದೇ, ಭಾವನ ಪರವಾಗಿ ತಾವೇ ಮುಂದೆ ಹೋಗಿ ತಮ್ಮ ಉರ್ದುವಿನಲ್ಲಿ ಶುರುಮಾಡಿದರು: "ಬಚ್ಚೋಂಕು ಗಾಲಿ ಸಿಖಾನೇಮೇ ಇನೋ ಉಸ್ತಾದ್."

ಮಕ್ಕಳಿಗೆ ಗಾಲಿ ಕಲಿಸುವುದರಲ್ಲಿ ಇವರು ಉಸ್ತಾದರು ಅಂತ. ಗಾಲಿ ಅಂದರೆ ನಮಗೆ ಚಕ್ರ. ಉರ್ದುವಿನಲ್ಲಿ ಬೈಗುಳ. ಮಕ್ತುಮ್ ಸಾಬರ ಮನೆಯಲ್ಲಿ ಎರಡೂ ಗಾಲಿ ದಿನವಿಡೀ ಉರುಳುತ್ತವೆ, ಯಾರಿಗೂ ಗೊಂದಲವಿಲ್ಲ. ಮೇಡಂಗೆ ಗೊತ್ತಿದ್ದದ್ದು ಒಂದೇ. ಮಕ್ಕಳಿಗೆ ಬೈಗುಳ ಕಲಿಸಲು ಬಂದ ಈ ಉಸ್ತಾದರನ್ನು ಅವರು ಅಡಿಯಿಂದ ಮುಡಿಯವರೆಗೆ ನೋಡಿದರು.

ಹಯಾತ್ ಸಾಬರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಜೀವಮಾನದಲ್ಲಿ ಒಂದು ಕೆಟ್ಟ ಮಾತು ಆಡದ ಮನುಷ್ಯ. ಕೈ ಮುಗಿದು, ಚೀಲದಿಂದ ಬೂಟು ತೆಗೆದು ತೋರಿಸಿ, ಗಾಲಿ ತಿರುಗಿಸಿ ಬಿಡಿಸಿ ಹೇಳಿದರು. ಮೇಡಂ ನಕ್ಕುಬಿಟ್ಟರು. ಹಾಗಾದರೆ ಮಕ್ಕಳ ಮುಂದೆ ಒಂದಿಷ್ಟು ಜಾರಿ ತೋರಿಸಿ ಎಂದರು.

ಬಾಯಲ್ಲಿ ಹೇಳಿ, ಕೈ ಹಿಡಿದು ಕಲಿಸಿದರೆ ಸಾಕು ಎಂದುಕೊಂಡು ಬಂದಿದ್ದರು ಪಾಪ. ಕುಣಿಯಲಾರದವಳಿಗೆ ನೆಲ ಡೊಂಕು. ದೂರೋಣವೆಂದರೆ ಆ ನೆಲ ಕನ್ನಡಿಯ ಹಾಗಿತ್ತು. ಆಗುವುದಿಲ್ಲ ಅಂದರೆ ಮತ್ತೆ ಭಟ್ಟಿ, ಮತ್ತೆ ಸರ್ಕಸ್ಸು. ಸೀಮೆಸುಣ್ಣದಲ್ಲಿ ಎಂಟು ಬರೆದು ಬೂಟು ಕಟ್ಟಿಕೊಂಡರು.

ಎಡಗಾಲಲ್ಲಿ ಮೊದಲ ಸುತ್ತು ಬಿಡಿಸಿದರು. ಗಾಲಿ ಗೆರೆ ಬಿಡಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಏಳು ವರ್ಷದಲ್ಲಿ ಅವರ ಮುಖ ಹಾಗೆ ಅರಳಿದ್ದನ್ನು ತಾನು ಕಂಡಿರಲಿಲ್ಲ ಎಂದು ಮಕ್ತುಮ್ ಸಾಬರು ಆಮೇಲೆ ಹೇಳಿ ಅತ್ತರು. ಎಂಟರ ನಡುವೆ ಕಾಲು ಬದಲಿಸಬೇಕು. ಬಲಗಾಲು ಊರಿದರು.

ಮಂಡಿ ಲಟಕ್ಕೆಂದಿತು. ಬಿದ್ದ ಏಟಿಗೆ, ಯಾವ ಜನ್ಮದ್ದೋ, ತಾಯಿಯನ್ನು ಎಳೆದು ತರುವ ಒಂದು ಹೊಲಸು ಬೈಗುಳ ಅವರ ಬಾಯಿಂದ ಬಂತು.

ರಿಬ್ಬನ್ ಕಟ್ಟಿದ ಪುಟ್ಟ ಹುಡುಗಿಯೊಬ್ಬಳು ಆ ಮಾತನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು. ಮೇಡಂ ಮಕ್ಕಳನ್ನು ಒಳಗೆ ಕರೆದುಕೊಂಡು ಹೋದರು.

"ನೀನು ಹೇಳಿದ್ದೇ ಖರೆ ಆತು ಬಿಡಪ್ಪ," ಎಂದರು ಹಯಾತ್ ಸಾಬರು, ಮಕ್ತುಮ್ ಸಾಬರತ್ತ ತಿರುಗಿ.

ಮಂಡಿ ಊದಿ, ಬೂಟು ಬಿಚ್ಚಲು ಮುಟ್ಟಿದರೂ ಚೀರುತ್ತಿದ್ದರು. ಎರಡೂ ಬೂಟು ಕಾಲಲ್ಲಿದ್ದ ಹಾಗೇ ಎತ್ತಿ ಜಟಕಾದಲ್ಲಿ ಮಲಗಿಸಿದ್ದಾಯಿತು.

"ಹೊಳಿ ಕಡೆ ಹೊಡಿ," ಎಂದರು ಜಟಕಾದವನಿಗೆ.

ಬೆಳಿಗ್ಗೆ ಅಕ್ಕನಿಗೆ ಆಡಿದ ಮಾತು ಕೇಳಿಸಿಕೊಂಡಿದ್ದ ಮಕ್ತುಮ್ ಸಾಬರು ಸ್ಟೇಷನ್ನಿಗೆ ಎಂದರು. ಭಾವನ ಎರಡೂ ಕಾಲುಗಳನ್ನು ಗಾಲಿ ಸಮೇತ ತೊಡೆಯ ಮೇಲೆಳೆದುಕೊಂಡು, ರೈಲು ದಾವಣಗೆರೆ ಮುಟ್ಟುವವರೆಗೂ ಬಿಡದೆ ಹಿಡಿದುಕೊಂಡಿದ್ದರು.