ಆಳುದ್ದದ ಪಾತಿ

1

ಕಥೆಯನ್ನು ಹೂವಿನಿಂದ ಶುರು ಮಾಡಲೋ ಬಸ್ಸಿನಿಂದ ಶುರು ಮಾಡಲೋ ಎಂದು ಯೋಚಿಸುತ್ತ ಕೂತು ಒಂದು ಲೋಟ ಟೀ ಆರಿಹೋಯಿತು. ಹೂವಿನಿಂದ ಶುರು ಮಾಡಿದರೆ ಇದು ತೋಟಗಾರಿಕೆಯ ಲೇಖನವೆಂದು ನೀವು ಪುಟ ತಿರುಗಿಸುತ್ತೀರಿ. ಬಸ್ಸಿನಿಂದ ಶುರು ಮಾಡಿದರೆ ಯಾರೋ ಸಾಯುತ್ತಾರೆಂದು ಮೊದಲೇ ಊಹಿಸುತ್ತೀರಿ. (ಊಹೆ ಸರಿ. ಪೂರ್ತಿ ಸರಿಯಲ್ಲ.)

ಅದಕ್ಕೇ ಚಿನ್ನಕ್ಕನಿಂದ ಶುರು ಮಾಡುತ್ತೇನೆ. ಚಿನ್ನಕ್ಕ ಸೇಲಂ ಹತ್ತಿರದ ತಾರಮಂಗಲದವಳು. ಮನೆಮಾತು ಕನ್ನಡ, ಬೀದಿಮಾತು ತಮಿಳು, ಕೆಲಸ ಕೈಮಗ್ಗ. ಗಂಡ ಕುಪ್ಪಸ್ವಾಮಿ ಅದೇ ಮನೆಯ ಇನ್ನೊಂದು ಮಗ್ಗದಲ್ಲಿ ಕೂರುತ್ತಾನೆ. ಒಬ್ಬಳೇ ಮಗಳು ಇಂದುಜಾ ಮಗ್ಗದ ಸಹವಾಸವೇ ಬೇಡವೆಂದು ಏರ್ಕಾಡು ಬೆಟ್ಟದ ಬುಡದಲ್ಲಿರುವ ಒಂದು ನರ್ಸರಿಗೆ ಕೆಲಸಕ್ಕೆ ಹೋಗುತ್ತಾಳೆ. ಊರಾಚೆ, ಸೇಲಂ ರಸ್ತೆಯ ಬಸ್‌ಸ್ಟಾಪಿನ ಹಿಂದೆ ಇವರದೊಂದು ತುಂಡು ಹೊಲವಿದೆ. ಕಲ್ಲು, ಜೋಳ, ಬೇವಿನ ಮರ. ಇಷ್ಟು ಗೊತ್ತಿದ್ದರೆ ಸಾಕು.

ದಿನಾ ಸಂಜೆ ಚಿನ್ನಕ್ಕ ಮಗ್ಗದಿಂದ ಎದ್ದು ಆ ಹೊಲಕ್ಕೆ ಹೋಗುತ್ತಾಳೆ. ಜೋಳದ ಮಗ್ಗುಲಲ್ಲಿ ಒಂದು ಪಾತಿ ಹೂವಿದೆ. ಕೆಂಪು ಒಡಲು, ಹಳದಿ ಅಂಚು. ಅವಳು ನೇಯುವ ಸೀರೆಯ ಬಣ್ಣವೇ. ಅವಳು ಬಗ್ಗಿ, ಬಾಡಿದ ಹೂಗಳನ್ನೆಲ್ಲ ಒಂದೊಂದಾಗಿ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಾಳೆ. ಒಂದನ್ನೂ ಬಿಡುವುದಿಲ್ಲ. ಆಮೇಲೆ ಸ್ಟಾಪಿಗೆ ಬಂದು ಮಗಳ ಬಸ್ಸಿಗೆ ಕಾಯುತ್ತಾಳೆ.

ಪಾತಿ ಒಂದಾಳು ಉದ್ದವಿದೆ. ಅಗಲ, ಒಬ್ಬರು ಮಗ್ಗುಲು ಬದಲಿಸದೆ ಮಲಗುವಷ್ಟು.

2

ಹೂವಿನ ಹೆಸರು ಗೈಲಾರ್ಡಿಯ. ಅಮೆರಿಕದ ಬಯಲುಗಳಲ್ಲಿ ತಾನೇ ತಾನಾಗಿ ಬೆಳೆಯುವ ಕಾಡುಹೂ. ಇಂದುಜಾಳ ನರ್ಸರಿಯಲ್ಲಿ ಅದರ ಬೀಜದ ಪೊಟ್ಟಣ ಮಾರುತ್ತಾರೆ. ಹೆಸರು ನಾಲಿಗೆಗೆ ಹೊರಳದೆ ಚಿನ್ನಕ್ಕ ಅದನ್ನು ಅಮೆರಿಕಾ ಹೂ ಎನ್ನುತ್ತಾಳೆ. ಒಂದು ಬೆಳಿಗ್ಗೆ ಇಂದುಜಾ ಫೋನಿನಲ್ಲಿ ಹೇಳಿದಳು:

"ಅಮ್ಮಾ, ಸಾಯಂಕಾಲ ಒಂದು ಬೀಜ ತತ್ತೀನಿ. ಇದನ್ನ ಮಣ್ಣೊಳಗೆ ಊಳ್ಬಾರ್ದು. ಮೇಲ್ಗಡೆ ಸುಮ್ನೆ ಉದುರಿಸ್ಬೇಕು. ವೆಳಿಚ್ಚಂ ಬೇಕು ಇದಕ್ಕೆ, ಬೆಳಕಿಲ್ದೆ ಉಟ್ಟಲ್ಲ."

"ಗೊಬ್ಬರ?"

"ಏನೂ ಬ್ಯಾಡ. ಕಲ್ಲು ಮಣ್ಣಾದ್ರೇ ಚೆಂದಾಗಿ ಬರುತ್ತೆ. ಬಾಡಿದ ಊವ ಮಾತ್ರ ಕಿತ್ತಾಕ್ತಾ ಇರು. ಬೀಜ ಕಟ್ಟಕ್ಕೆ ಬುಟ್ರೆ ಗಿಡಕ್ಕೆ ವೇಲೆ ಮುಗೀತು, ಕೆಲ್ಸ ಆಯ್ತು ಅಂತ ಒಣಗೋಗುತ್ತೆ."

ಆ ಸಂಜೆ ಇಂದುಜಾ ಬಸ್ಸಿಳಿಯುವಾಗ ಎಡಗಡೆಯಿಂದ ಒಂದು ಲಾರಿ ನುಗ್ಗಿತು. ನಾನೇ ನುಗ್ಗಿಸಿದೆ. ಅದು ಮೊದಲ ಡ್ರಾಫ್ಟು. ಅವಳನ್ನು ಸ್ಟಾಪಿನ ಹಿಂದಿನ ಹೊಲದಲ್ಲೇ ಮಣ್ಣು ಮಾಡಿದರು. ಗುಂಡಿ ತೋಡಿದವನು ಕುಪ್ಪಸ್ವಾಮಿ; ಬೇರೆಯವರ ಕೈಗೆ ಹಾರೆ ಕೊಡಲಿಲ್ಲ. ಎಲ್ಲರೂ ಹೋದ ಮೇಲೆ ಚಿನ್ನಕ್ಕ ಮಗಳ ಬ್ಯಾಗಿನಿಂದ ಪೊಟ್ಟಣ ತೆಗೆದು, ಹಸಿ ಮಣ್ಣಿನ ಮೇಲೆ ಬೀಜ ಉದುರಿಸಿದಳು. ಮಗಳು ಹೇಳಿದ್ದಳಲ್ಲ, ಹೂಳಬಾರದೆಂದು. ಅಲ್ಲಿಂದ ಮುಂದೆ ಹೂವಿನ ವರ್ಣನೆ ಒಂದೂವರೆ ಪುಟ.

2 (ಮತ್ತೆ)

ಆ ಡ್ರಾಫ್ಟನ್ನು ಓದಿದ ಗೆಳೆಯನೊಬ್ಬ, "ಮಗಳನ್ನು ಸಾಯಿಸಿ ತಾಯಿಯ ಕೈಲಿ ಹೂ ಬೆಳೆಸೋದು, ಎಷ್ಟು ಸಲ ಕಣೋ?" ಎಂದ. ನಾಚಿಕೆಯಾಯಿತು. ಲಾರಿಯ ಪ್ಯಾರಾ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದೆ. ಮಣ್ಣು ಮಾಡಿದ್ದನ್ನೂ ಅಳಿಸಿದೆ. ಇಂದುಜಾ ಬಸ್ಸಿಳಿದು, ಬ್ಯಾಗು ತೂಗಾಡಿಸುತ್ತ ಮನೆಗೆ ಬಂದು, ಮೊಸರನ್ನ ಉಂಡು ಮಲಗಿದಳು.

ಹೂವಿನ ಒಂದೂವರೆ ಪುಟ ಮಾತ್ರ ಅಳಿಸಲಿಲ್ಲ. ಚೆನ್ನಾಗಿ ಬಂದಿತ್ತು, ಬಿಡಲು ಮನಸ್ಸಾಗಲಿಲ್ಲ. (ಬರೆಯುವವರ ಜಾತಿಯೇ ಅಷ್ಟು. ಹೆಣ ತೆಗೆದೇವು, ಉಪಮೆ ತೆಗೆಯೆವು.)

ಹೂ ಉಳಿದರೆ ಪಾತಿ ಉಳಿಯುತ್ತದೆ, ಪಾತಿ ಉಳಿದರೆ ಅದರ ಉದ್ದ ಉಳಿಯುತ್ತದೆ ಎಂಬುದು ಆಗ ಹೊಳೆಯಲಿಲ್ಲ.

4

(ಮೂರನೆಯದರಲ್ಲಿ ಕುಪ್ಪಸ್ವಾಮಿಯ ಬಾಲ್ಯವಿತ್ತು. ನಿಮಗೆ ಬೇಡ, ನನಗೂ ಬೇಡ.)

ಕುಪ್ಪಸ್ವಾಮಿ ಒಂದು ಬೆಳಿಗ್ಗೆ ಲಾಳಿ ಕೆಳಗಿಟ್ಟು ಅಂಗೈ ನೋಡಿಕೊಂಡ.

"ಬೊಬ್ಬೆ ಬಂದೈತೆ ನೋಡೇ. ಆರೆ ಇಡ್ದು ವರ್ಸ ಆಯ್ತು ನಾನು. ಇದೆಂಗೆ ಬಂತು?"

ಚಿನ್ನಕ್ಕ ಬೊಬ್ಬೆಗೆ ಎಣ್ಣೆ ಸವರಿದಳು.

ಮಧ್ಯಾಹ್ನ ಪಕ್ಕದ ಮನೆಯ ಸುಗುಣಾ ಬಂದು ಬಾಗಿಲಲ್ಲೇ ನಿಂತಳು. "ಚಿನ್ನಕ್ಕಾ, ನಮ್ಮನೆ ತೂಕ್ಕು ನಿಮ್ಮನೇಲಿ ಐತೆ ಅನ್ಸುತ್ತೆ. ಸಾಂಬಾರ್ ಆಕಿ ತಂದಿದ್ದೆ. ಯಾತಕ್ಕೆ ತಂದೆ ಅಂತ ಮಾತ್ರ ಗ್ಯಾಪಕ ಬತ್ತಿಲ್ಲ."

ಹಿಡಿಯಿರುವ ಆ ಸ್ಟೀಲ್ ಪಾತ್ರೆ ಅಡುಗೆಮನೆಯಲ್ಲಿ, ತೊಳೆದು ಬೋರಲು ಹಾಕಿದಂತೆಯೇ ಇತ್ತು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ಅಡುಗೆ ತಂದುಕೊಡುತ್ತಾರೆ. ಚಿನ್ನಕ್ಕ ಪಾತ್ರೆಯನ್ನು ಹಿಂದಿರುಗಿಸುವಾಗ ಖಾಲಿ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿದಳು. ಬೀದಿಯಲ್ಲಿ ಎಲ್ಲರೂ ಮರೆತ ಆ ಸಾವು ಅವಳೊಬ್ಬಳಿಗೆ ನೆನಪಿತ್ತು. ಯಾಕೆಂದರೆ ನಾನು ಈ ಕಥೆಯನ್ನು ಅವಳ ಹೆಗಲ ಮೇಲಿಂದ ನೋಡುತ್ತಿದ್ದೇನೆ. ನಾನು ನೋಡಿದ್ದನ್ನೆಲ್ಲ ಅವಳೂ ನೋಡಿದ್ದಾಳೆ.

5

ನೇಯುವವರು ಮಾತ್ರ ಮಾಡುವ ಒಂದು ತಪ್ಪನ್ನು ಅವಳು ಆಮೇಲೆ ಮಾಡಿದಳು.

ಮಗ್ಗದ ಉದ್ದಕ್ಕೂ ಬಿಗಿಯುವ ಹಾಸಿನ ನೂಲಿಗೆ ಗಂಜಿ ಹಾಕಿದರೆ ಎಳೆ ಗಟ್ಟಿಯಾಗುತ್ತದೆ, ಎಷ್ಟು ಬಡಿದರೂ ಹರಿಯುವುದಿಲ್ಲ. ಚಿನ್ನಕ್ಕನ ಲೋಕದಲ್ಲಿ ಬಾಳಿಕೆ ಬರಬೇಕಾದ ಯಾವುದಕ್ಕಾದರೂ ಗಂಜಿ ಬೇಕು. ಪಾತಿಯ ಹೂ ಒಂದು ವಾರ ಕೊಂಚ ಕಮ್ಮಿಯಾದದ್ದನ್ನು ಕಂಡು ಹೆದರಿ, ಮಿಕ್ಕ ಗಂಜಿಯನ್ನೆಲ್ಲ ಹೊತ್ತುಕೊಂಡು ಹೋಗಿ ದಿನಾ ಬುಡಕ್ಕೆ ಸುರಿದಳು. ಗಿಡ ಹಸಿರು ಹಸಿರಾಗಿ ಊದಿಕೊಂಡಿತು, ಕಾಂಡ ಮಲಗಿತು, ಮೊಗ್ಗೇ ನಿಂತುಹೋಯಿತು. ಅದೇ ಹೊತ್ತಿಗೆ ಇಂದುಜಾಗೆ ಜ್ವರ ಬಂತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಏನೂ ಇಲ್ಲವೆಂದರು. ಮಗಳು ಚಾಪೆಯ ಮೇಲೆ ಕೈಕಾಲು ನೀಡಿ ಅಲ್ಲಾಡದೆ ಮಲಗಿರುತ್ತಿದ್ದಳು. ಜ್ವರವೆಂದರೂ ಹಣೆ ಸುಡುತ್ತಿರಲಿಲ್ಲ, ತಣ್ಣಗಿತ್ತು.

ಚಿನ್ನಕ್ಕ ಗಂಜಿ ನಿಲ್ಲಿಸಿದಳು. ನೀರನ್ನೂ ನಿಲ್ಲಿಸಿದಳು. ಬುಡದ ಮಣ್ಣು ಕೆದಕಿ ಒಣಗಲು ಬಿಟ್ಟಳು. ಗಿಡ ಎದ್ದಿತು, ಮಗಳೂ ಎದ್ದಳು. ಅವತ್ತಿನಿಂದ ಚಿನ್ನಕ್ಕನಿಗೆ ಲೆಕ್ಕ ಸಿಕ್ಕಿತು. ಈ ಗಿಡ ಬೀಜ ಕಟ್ಟಿ ಕೆಲಸ ಮುಗಿಸಿದ ದಿನ ಇಂದುಜಾಳ ಕಥೆಯೂ ಮುಗಿಯುತ್ತದೆ. ಹಾಗಾಗಿ ಬಾಡಿದ ಒಂದು ಹೂವೂ ಗಿಡದ ಮೇಲೆ ಉಳಿಯಕೂಡದು.

(ಇದು ಮೂಢನಂಬಿಕೆ ಎಂದು ನೀವು ಅನ್ನಬಹುದು. ನಾನೂ ಅಂದುಕೊಂಡೆ. ಆದರೆ ಜ್ವರ ನಾನು ಬರೆದದ್ದಲ್ಲ.)

6

ಒಂದು ಸಂಜೆ ಅವಳು ಹೂ ಚಿವುಟುತ್ತಿದ್ದವಳು ಕೈ ನಿಲ್ಲಿಸಿ, ತಲೆಯೆತ್ತದೆ ಕೇಳಿದಳು:

"ತಂಬಿ, ಸಾವ ಅಳಿಸ್ದೆ. ಊವ ಯಾಕ್ ಬುಟ್ಟೆ?"

ಸುತ್ತ ಯಾರೂ ಇರಲಿಲ್ಲ. ತಮ್ಮಾ ಎಂದು ಕರೆದು ಕೇಳಿದ್ದು ನನ್ನನ್ನೇ. ಸೇಲಂನ ಗುಗೈ ಬಡಾವಣೆಯ ಮಹಡಿಯ ಕೋಣೆಯಲ್ಲಿ ಟೈಪು ಮಾಡುತ್ತಿದ್ದ ನಾನು ಕೀಲಿಗಳಿಂದ ಕೈ ತೆಗೆದೆ.

"ಚೆನ್ನಾಗಿ ಬಂದಿತ್ತಕ್ಕಾ," ಅಂದೆ.

"ಯಾವ್ದು?"

"ವರ್ಣನೆ."

ಅವಳು ಪಾತಿಯ ಮಣ್ಣಿಗೆ ಬೆರಳಿಟ್ಟಳು. "ಅಡಿಲಿ ಏನೈತೆ?"

"ಗೊತ್ತಿಲ್ಲಕ್ಕಾ. ಅಷ್ಟು ಆಳಕ್ಕೆ ನಾನು ಬರೆದಿಲ್ಲ."

"ಬರೀಬ್ಯಾಡ," ಅಂದಳು.

ಆದರೆ ಕಥೆಗೊಂದು ಮುಕ್ತಾಯ ಬೇಕಲ್ಲ. ನಾನು ಪ್ರಯತ್ನಿಸಿದೆ.

ಮುಕ್ತಾಯ, ಒಂದನೆಯದು: ಚಿನ್ನಕ್ಕ ತಡೆಯಲಾರದೆ ಹಾರೆ ತಂದು ಗಂಡನ ಕೈಲಿ ಪಾತಿ ಅಗೆಸುತ್ತಾಳೆ. ಹಾರೆ ಸಲೀಸಾಗಿ ಇಳಿಯುತ್ತದೆ. ಕಲ್ಲಿನ ಹೊಲದಲ್ಲಿ ಹಾರೆ ಹಾಗೆ ಇಳಿಯಬಾರದು. ಅಲ್ಲಿಗೆ ನಿಲ್ಲಿಸಿ ಲ್ಯಾಪ್‌ಟಾಪ್ ಮುಚ್ಚಿದೆ. ಫೈಲು ಸೇವ್ ಕೂಡ ಮಾಡಲಿಲ್ಲ. ಬೆಳಿಗ್ಗೆ ನೋಡಿದರೆ ಕುಪ್ಪಸ್ವಾಮಿಯ ಇನ್ನೊಂದು ಅಂಗೈಯಲ್ಲೂ ಬೊಬ್ಬೆ. ಹಾರೆ ಬೇವಿನ ಮರಕ್ಕೆ ಒರಗಿಕೊಂಡಿತ್ತು.

ಮುಕ್ತಾಯ, ಇನ್ನೊಂದು: ದೀಪಾವಳಿ ಬರುವ ಐಪ್ಪಸಿ ತಿಂಗಳ ಮಳೆಗೆ ಗಿಡವೆಲ್ಲ ಕೊಳೆತುಹೋಗುತ್ತದೆ. ಏನೂ ಆಗುವುದಿಲ್ಲ. ಇಂದುಜಾ ಹರೂರಿನ ಹುಡುಗನನ್ನು ಮದುವೆಯಾಗುತ್ತಾಳೆ. ಓದುಗರು ಕಣ್ಣೊರೆಸಿಕೊಳ್ಳುತ್ತಾರೆ.

"ಏನೂ ಆಗಲ್ಲ ಅಂತ ನಿಂಗೆ ಗೊತ್ತಾ?" ಎಂದು ಚಿನ್ನಕ್ಕ ಕೇಳಿದಳು.

ಗೊತ್ತಿಲ್ಲ ಎಂದೆ.

"ಗೊತ್ತಿಲ್ದೆ ನನ್ ಮಗಳ ಮ್ಯಾಲೆ ಮಳೆ ಉಯ್ಯಬ್ಯಾಡ."

8

(ಏಳನ್ನು ಹುಡುಕಬೇಡಿ. ಅದರಲ್ಲಿ ಲಾರಿಯ ಡ್ರೈವರ್ ಮತ್ತೆ ಬಂದಿದ್ದ. ಅವನನ್ನು ನಾನು ಕರೆದಿರಲಿಲ್ಲ.)

ಒಂದು ಭಾನುವಾರ ಇಂದುಜಾ ತಾನೇ ಅಮ್ಮನ ಹಿಂದೆ ಹೊಲಕ್ಕೆ ಬಂದಳು. ಹಿಂದಿನ ರಾತ್ರಿ ತುಂತುರು ಬಿದ್ದು ನೆಲ ಒದ್ದೆಯಾಗಿತ್ತು. ಪಾತಿ ಕಂಡು ಅವಳಿಗೆ ಖುಷಿಯಾಯಿತು. ಅಮ್ಮ ಹೂ ಚಿವುಟುವ ವೇಗ ಕಂಡು ಖುಷಿ ಇಳಿಯಿತು.

"ಪಾವಂ ಅಮ್ಮಾ, ಪಾಪ ಇದು. ಎಷ್ಟು ದಿವ್ಸ ಅಂತ ಊ ಬುಡುತ್ತೆ? ಗಿಡ ಸುಸ್ತಾಗೈತೆ. ಬೀಜ ಕಟ್ಟಕ್ಕೆ ಬುಡು."

"ನೀನೇ ಏಳ್ದೆ, ಕಿತ್ತಾಕು ಅಂತ."

"ಏಳ್ದೆ. ಬೀಜಕ್ಕೆ ಅಂತ ಒಂದಾರ ಬುಡ್ಬೇಕಲ್ಲ? ಬೀಜ ಬಿದ್ರೆ ಅದೇ ಮತ್ತೆ ಉಟ್ಟುತ್ತೆ."

"ಅದೇನಾ? ಇಲ್ಲಾ ಅದರಂಗೆ ಇನ್ನೊಂದಾ?"

ಇಂದುಜಾ ನರ್ಸರಿಯ ವಾಟ್ಸಾಪ್ ಗುಂಪಿಗೆ ಫೋಟೋ ಬೇಕೆಂದು ಪಾತಿಯ ಮಗ್ಗುಲಲ್ಲೇ ಅಂಗಾತ ಮಲಗಿ ಫೋನನ್ನು ಮೇಲೆತ್ತಿದಳು. ತಲೆ ಪಾತಿಯ ಈ ತುದಿಗೆ, ಪಾದ ಆ ತುದಿಗೆ ಬಂದವು.

"ಅಮ್ಮಾ, ನೋಡು, ಅಳತೆ ತಕ್ಕೊಂಡಂಗೆ ಐತೆ," ಎಂದು ನಕ್ಕಳು.

ಚಿನ್ನಕ್ಕ ಮಗಳ ತೋಳು ಹಿಡಿದು ಎಳೆದು ಎಬ್ಬಿಸಿದಳು. ಬೆನ್ನು ಒದರಲು ಕೈ ಎತ್ತಿದವಳು ಹಾಗೇ ನಿಂತಳು. ಒದ್ದೆ ನೆಲದಲ್ಲಿ ಮಲಗಿ ಎದ್ದ ಹುಡುಗಿಯ ಬಿಳಿ ಚೂಡಿದಾರದ ಮೇಲೆ ಒಂದು ಚೂರೂ ಮಣ್ಣಿರಲಿಲ್ಲ.

ಮಣ್ಣು ಬರೆಯಲು ಮರೆತೆ ಎಂದು ನಾನು ಸಮಾಧಾನ ಹೇಳಿಕೊಂಡೆ. ಈಗ ಸೇರಿಸುತ್ತೇನೆ: ಅವಳ ಬೆನ್ನಿಗೆ ಮಣ್ಣು ಮೆತ್ತಿತ್ತು. ಸೇರಿಸಿದೆ. ಮತ್ತೆ ಓದಿದೆ. ಚಿನ್ನಕ್ಕ ಇನ್ನೂ ಕೈ ಎತ್ತಿಕೊಂಡೇ ನಿಂತಿದ್ದಾಳೆ.

9

"ತಂಬಿ, ಒಂದು ಮಾತು," ಎಂದು ಚಿನ್ನಕ್ಕ ಕೊನೆಯ ಸಲ ನನ್ನನ್ನು ಕರೆದದ್ದು ಬಸ್‌ಸ್ಟಾಪಿನಲ್ಲಿ. ಹೊತ್ತು ಮುಳುಗುತ್ತಿತ್ತು. ಮಡಿಲಲ್ಲಿ ಅವತ್ತು ಚಿವುಟಿದ ಹೂಗಳಿದ್ದವು.

"ದಿನಾ ನೀನು ಬರೀತೀಯ, ಬಸ್ ನಿಂತ್ಕೊಂತು, ಇಂದುಜಾ ಇಳಿದ್ಳು ಅಂತ. ಅದಕ್ಕೇ ಇಳೀತಾಳೆ. ಅಲ್ವಾ?"

"ಹೌದಕ್ಕಾ."

"ನೀನು ಕಥೆ ಮುಗಿಸ್ದ ಮ್ಯಾಲೆ ಅವಳ್ನ ದಿನಾ ಯಾರು ಇಳಿಸ್ತಾರೆ?"

ಇದನ್ನು ನಾನು ಯೋಚಿಸಿರಲಿಲ್ಲ. ಸಾಯಿಸಿದರೆ ಮಾತ್ರ ಸಾವು ಅಂದುಕೊಂಡಿದ್ದೆ. ಸುಖಾಂತವಾದರೂ ಅಷ್ಟೇ: ಮುಕ್ತಾಯದ ಚುಕ್ಕಿ ಇಟ್ಟರೆ ನಾಳೆ ಸಂಜೆ ಬಸ್ಸಿಲ್ಲ.

"ನಮ್ ಮಗ್ಗದಾಗ ಸೀರೆ ಕುಯ್ದು ತೆಗೀವಾಗ ಪೂರಾ ಕುಯ್ಯಲ್ಲ," ಎಂದಳು ಚಿನ್ನಕ್ಕ. "ನಾಕು ಬೆರಳು ಎಳೆ ಮಗ್ಗದಾಗೇ ಬುಡ್ತೀವಿ. ಒಸ ನೂಲು ಬಂದಾಗ ಬೆರಳಿಗೆ ಬೂದಿ ಮುಟ್ಟುಸ್ಕೊಂಡು, ಎಳೆಗೆ ಎಳೆ ಒಸೆದು ಸೇರುಸ್ತೀವಿ. ಮುಂದಲ ಸೀರೆ ಯಾರು ಬೇಕಾರೂ ನೇಯ್ಲಿ. ಮಗ್ಗ ಬರೀದಾಗ್ಬಾರ್ದು, ಅಷ್ಟೇ. ನೀನೂ ಅಂಗೇ ಬುಡು."

"ಯಾರು ಸೇರಿಸ್ತಾರಕ್ಕಾ?"

ಅವಳು ಮಡಿಲು ನೋಡಿಕೊಂಡಳು. "ಇವತ್ತು ಎಲ್ಲಾ ಚಿವುಟಿದ್ನಾ? ಒಂದೂ ಬುಟ್ಟಿಲ್ವಲ್ಲ?"

"ಇಲ್ಲಕ್ಕಾ. ಒಂದೂ ಬಿಟ್ಟಿಲ್ಲ."

ಸುಳ್ಳು. ಪಾತಿಯ ಕಾಲಿನ ಕಡೆ, ಕಲ್ಲಿನ ಮರೆಯಲ್ಲಿ ಒಂದಿದೆ. ದಳವೆಲ್ಲ ಉದುರಿ, ಬೂದು ಬಣ್ಣದ ಗುಂಡು ಮಾತ್ರ ಉಳಿದಿದೆ. ಗಾಳಿ ಬಂದರೆ ಬೀಜ ಬೀಳುತ್ತದೆ. ಹೇಳಿದರೆ ಅವಳು ಹೊಲಕ್ಕೆ ಓಡುತ್ತಾಳೆ, ಬಸ್ಸು ಬಂದಾಗ ಸ್ಟಾಪಿನಲ್ಲಿ ಯಾರೂ ಇರುವುದಿಲ್ಲ. ಹೇಳಬಾರದೆಂದು ತೀರ್ಮಾನಿಸಿದೆ. ಆದರೆ ನಿಮಗೆ ಹೇಳಿಬಿಟ್ಟೆ.

ತಿರುವಿನಲ್ಲಿ ಬಸ್ಸಿನ ದೀಪ ಕಂಡಿತು. ಅದರ ಹಿಂದೆ, ಎಡಕ್ಕೆ ಸರಿಯುತ್ತ, ಇನ್ನೊಂದು ಜೋಡಿ ದೀಪ. ಲಾರಿಯನ್ನು ನಾನು ಅಳಿಸಿದ್ದು ನನಗೆ ಚೆನ್ನಾಗಿ ನೆನಪಿದೆ.

ಬಸ್ಸು ನಿಧಾನವಾಯಿತು. ಬಾಗಿಲಲ್ಲಿ ಇಂದುಜಾ ನಿಂತಿದ್ದಾಳೆ, ಬ್ಯಾಗು ಹೆಗಲಿಗೆ, ಒಂದು ಕಾಲು ಕೊನೆಯ ಮೆಟ್ಟಿಲ ಮೇಲೆ. ಹೊಲದ ಕಡೆಯಿಂದ ಗಾಳಿ ಎದ್ದಿತು. ಚಿನ್ನಕ್ಕ ಮಡಿಲು ಬಿಟ್ಟಳು. ಹೂಗಳು ರಸ್ತೆಗೆ ಉದುರಿದವು. ಅವಳು ನನ್ನ ಕಡೆ ನೋಡಲಿಲ್ಲ. ಇಷ್ಟು ಹೊತ್ತೂ ಸುಮ್ಮನೆ ಓದುತ್ತಿದ್ದ ನಿಮ್ಮ ಕಡೆ ತಿರುಗಿದಳು.

"ನೀವಾರ ಇಳಿಸ್ಕೊಳಿ," ಎಂದಳು.

ನಾಕು ಬೆರಳು ಬಿಟ್ಟಿದ್ದೇನೆ. ಇಂದುಜಾ ಇನ್ನೊಂದು ಕಾಲನ್ನು ಕೆಳಗೆ