ಬೆರಳೊತ್ತಿದ ಮೇಲೆ

ಎರಡು ಗಂಟೆಗೆ ಪಾಳಿ ಮುಗಿಸಿ ಹಾಜರಿ ಯಂತ್ರಕ್ಕೆ ಬೆರಳೊತ್ತಿದ ಮೇಲೆ ಸವಿತಾ ಆಸ್ಪತ್ರೆಯಲ್ಲಿ ಇರಲಿಲ್ಲ. ಕಂಪ್ಯೂಟರ್ ಹಾಗೆ ಹೇಳುತ್ತಿತ್ತು. ಅದು ಹೇಳಿದ ಮೇಲೆ ಅಲ್ಲಿ ಎದುರು ಮಾತಿಲ್ಲ. ಆದರೆ ಎರಡೂವರೆಯ ಹೊತ್ತಿಗೆ ಅದೇ ಸವಿತಾ ಮಹಿಳಾ ವಾರ್ಡಿನ ಕಿಟಕಿಯ ಪಕ್ಕದ ಮಂಚದ ಬಳಿ ನಿಂತು ಸುಭಾಷಿಣಿ ಅಮ್ಮನಿಗೆ ಊಟಕ್ಕೆ ಮೊದಲಿನ ಇನ್ಸುಲಿನ್ ಚುಚ್ಚುತ್ತಿದ್ದಳು.

ಇದೆಂಥ ಮಾಯೆ ಎಂದು ಕೇಳುವವರು ಉಡುಪಿಯ ಆ ಖಾಸಗಿ ಆಸ್ಪತ್ರೆಯ ಓವರ್‌ಟೈಮ್ ಪುರಾಣವನ್ನು ಸ್ವಲ್ಪ ಕೇಳಬೇಕು. ಮೊದಲೆಲ್ಲ ಪಾಳಿ ಮುಗಿದ ಮೇಲೂ ನರ್ಸ್‌ಗಳು ಗಂಟೆಗಟ್ಟಲೆ ದುಡಿಯುತ್ತಿದ್ದರು, ಯಾರೂ ಯಾಕೆಂದು ಕೇಳುತ್ತಿರಲಿಲ್ಲ. ಯಾರೋ ಪುಣ್ಯಾತ್ಮರು ಕಾರ್ಮಿಕ ಇಲಾಖೆಗೆ ದೂರು ಕೊಟ್ಟರು. ಹೆಚ್ಚು ಹೊತ್ತು ದುಡಿಸಿದರೆ ದುಪ್ಪಟ್ಟು ಕೂಲಿ ಕೊಡಿ ಎಂದು ಅಲ್ಲಿಂದ ತಾಕೀತು ಬಂತು. ಹುಡುಗಿಯರು ಲಾಡು ಹಂಚುವುದೊಂದು ಬಾಕಿ. ಆದರೆ ಕಾನೂನು ಚಾಪೆಯ ಕೆಳಗೆ ನುಸುಳಿದರೆ ಆಡಳಿತ ಮಂಡಳಿ ರಂಗೋಲಿಯ ಕೆಳಗೆ ನುಸುಳಿತು. ಮುಂಚಿತವಾಗಿ ಅನುಮತಿ ಪಡೆಯದೆ ಓವರ್‌ಟೈಮ್ ಇಲ್ಲ, ಪಾಳಿ ಮುಗಿದ ಕೂಡಲೇ ಬೆರಳೊತ್ತಿ ಹೊರಡತಕ್ಕದ್ದು, ಆಮೇಲೆ ವಾರ್ಡಿನಲ್ಲಿ ಕಂಡವರಿಗೆ ಮೆಮೊ ಎಂದು ಸುತ್ತೋಲೆ ಬಂತು. ಕೆಲಸ ಅರ್ಧಕ್ಕೆ ನಿಂತಿದ್ದರೆ ಏನು ಮಾಡಬೇಕೆಂದು ಸುತ್ತೋಲೆ ಹೇಳಲಿಲ್ಲ. ರೋಗಿಗಳಿಗೆ ಸುತ್ತೋಲೆ ಓದಿ ಹೇಳುವವರು ಯಾರು?

ಹೀಗಾಗಿ ನರ್ಸ್‌ಗಳು ಕೆಳಗೆ ಹೋಗಿ ಬೆರಳೊತ್ತಿ, ಹಿಂದಿನ ಮೆಟ್ಟಿಲಿನಿಂದ ಮತ್ತೆ ಮೇಲೆ ಬಂದು, ಉಳಿದ ಕೆಲಸ ಮುಗಿಸಿ ಹೋಗುವ ರೂಢಿ ಬೆಳೆಯಿತು. ಹಾಗೆ ಮಾಡಿದ ಕೆಲಸಕ್ಕೆ ಚಾರ್ಟಿನಲ್ಲಿ ಸಹಿ ಹಾಕುವಂತಿರಲಿಲ್ಲ. ಸಹಿ ಇದ್ದರೆ ಹೊತ್ತು ಇರುತ್ತದೆ, ಹೊತ್ತು ಇದ್ದರೆ ಸಿಕ್ಕಿಬಿದ್ದಂತೆ. ಮುಂದಿನ ಪಾಳಿಯವರ ಕಿವಿಯಲ್ಲಿ ಹೇಳಿ ಹೋಗುವುದು, ಅವರು ತಮ್ಮ ಹೆಸರಲ್ಲಿ ಬರೆದುಕೊಳ್ಳುವುದು. ಹೋದ ವರ್ಷ ಕಾರ್ಕಳದ ಹುಡುಗಿಯೊಬ್ಬಳು ಪ್ರಾಮಾಣಿಕಳಾಗಿ ಎರಡೂಮುಕ್ಕಾಲು ಗಂಟೆ ಎಂದು ಬರೆದು ಸಹಿ ಹಾಕಿದಳು. ಅವಳ ಗುತ್ತಿಗೆ ಮುಂದುವರಿಯಲಿಲ್ಲ. ಸವಿತಾಳದೂ ಗುತ್ತಿಗೆಯ ಕೆಲಸವೇ. ಅವಳ ಅವ್ವ ಮರೆಮ್ಮ ಬಾಗಲಕೋಟೆಯ ಕಡೆಯಿಂದ ಬಂದು ಮಣಿಪಾಲದ ಕಟ್ಟಡಗಳಿಗೆ ಕಲ್ಲು ಹೊತ್ತು ಮಗಳನ್ನು ನರ್ಸಿಂಗ್ ಓದಿಸಿದವಳು. ಅವಳ ಸೊಂಟ ಈಗ ಕಲ್ಲು ಹೊರುವುದಿಲ್ಲ. ಪರ್ಕಳದ ಬಾಡಿಗೆ ಕೋಣೆಯ ಒಲೆ ಉರಿಯುತ್ತಿದ್ದುದು ಸವಿತಾಳ ಸಂಬಳದಿಂದ.

ಆ ದಿನ ಸುಭಾಷಿಣಿ ಅಮ್ಮನನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋದವರು ವಾಪಸ್ ತಂದದ್ದು ಎರಡು ದಾಟಿದ ಮೇಲೆ. ಇನ್ನಂಜೆಯ ಅರ್ಚಕ ಹೃಷೀಕೇಶ ಭಟ್ಟರ ಹೆಂಡತಿ ಅವರು. ಕಾಲಿನ ಹುಣ್ಣಿಗೆಂದು ಸೇರಿದ್ದರು, ಅದು ವಾಸಿಯಾಗುತ್ತ ಬಂದು ಸಂಜೆಯೇ ಮನೆಗೆ ಹೊರಡುವವರಿದ್ದರು. ಊಟದ ತಟ್ಟೆ ಬಂದು ಆರಿತ್ತು. ಮಧ್ಯಾಹ್ನದ ಪಾಳಿಯ ನರ್ಸ್ ಶೆಲ್ಡನ್ ಆಗಷ್ಟೇ ಬಂದ ಹೊಸ ರೋಗಿಯೊಬ್ಬಳ ಜೊತೆ ಇನ್ನೊಂದು ತುದಿಯಲ್ಲಿದ್ದ. ಸವಿತಾ ಇನ್ಸುಲಿನ್ ಕೊಟ್ಟು, "ಈಗ ಊಟ ಮಾಡಿ ಅಮ್ಮ" ಎಂದು ತಟ್ಟೆಯನ್ನು ಹತ್ತಿರ ಸರಿಸಿದಳು. ಶೆಲ್ಡನ್‌ಗೆ ಹೇಳಬೇಕೆಂದು ತಿರುಗುವಷ್ಟರಲ್ಲಿ ಆಯಾ ಬಾಗಿಲಿನಿಂದ ಪಿಸುಗುಟ್ಟಿದಳು.

"ಸಿಸ್ಟರ್, ಮೇಡಂ ಬಂದ್ರು! ಓಡಿ!"

ಮೇಡಂ ಎಂದರೆ ನರ್ಸಿಂಗ್ ಸೂಪರಿಂಟೆಂಡೆಂಟ್ ಪ್ರಿಯಂವದಾ. ಸವಿತಾ ಬ್ಯಾಗು ಎತ್ತಿಕೊಂಡು ಹಿಂದಿನ ಮೆಟ್ಟಿಲು ಹಿಡಿದಳು. ತಾನು ಕೆಲಸ ಮಾಡುವ ವಾರ್ಡಿನಿಂದಲೇ ಕಳ್ಳಿಯ ಹಾಗೆ ಓಡಿ, ಮೊದಲು ಸಿಕ್ಕಿದ ಬಸ್ಸು ಹತ್ತಿ ಕೂತಳು. ಮೆಮೊ ತಪ್ಪಿತಲ್ಲ ಎಂಬ ಸಮಾಧಾನದಲ್ಲಿ ಮಣಿಪಾಲ ದಾಟಿದ್ದೂ ತಿಳಿಯಲಿಲ್ಲ.

ಪರ್ಕಳದ ಕೋಣೆಯಲ್ಲಿ ಮರೆಮ್ಮ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಸವಿತಾ ಒಂದು ತುತ್ತು ಮುರಿದಳು.

"ಅಲ್ಲೇನರ ಉಂಡಿದ್ದೇನ?" ಎಂದು ಅವ್ವ ಕೇಳಿದಳು.

"ಇಲ್ಲವ್ವಾ, ಉಣ್ಣಾಕ ಹೊತ್ತೆಲ್ಲಿ..." ಎನ್ನುತ್ತಿದ್ದ ಸವಿತಾಳ ಬಾಯಿ ಅಲ್ಲೇ ನಿಂತಿತು. ಸುಭಾಷಿಣಿ ಅಮ್ಮನ ಆರಿದ ತಟ್ಟೆ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಚಾರ್ಟಿನ ಖಾಲಿ ಜಾಗ. ಶೆಲ್ಡನ್‌ಗೆ ಹೇಳಿಲ್ಲ!

ಶೆಲ್ಡನ್ ಚಾರ್ಟು ನೋಡುತ್ತಾನೆ. ಸ್ಕ್ಯಾನಿಂಗಿನಿಂದ ತಡವಾಗಿ ಬಂದಿದ್ದಾರೆ, ಮಧ್ಯಾಹ್ನದ ಇನ್ಸುಲಿನ್ ಕೊಟ್ಟಿಲ್ಲ ಎಂದುಕೊಳ್ಳುತ್ತಾನೆ. ಮತ್ತೊಮ್ಮೆ ಕೊಡುತ್ತಾನೆ. ಅಮ್ಮನಾದರೂ ಬೇಡವೆನ್ನುತ್ತಾರೆಯೇ? ದಿನಕ್ಕೆ ನಾಲ್ಕಾರು ಸಲ ಚುಚ್ಚಿಸಿಕೊಂಡು, ಯಾವುದು ಯಾವುದಕ್ಕೆಂದು ಕೇಳುವುದನ್ನು ಅವರು ಎಂದೋ ಬಿಟ್ಟಿದ್ದರು. ಎರಡು ಪಾಲು ಇನ್ಸುಲಿನ್ ಆ ವಯಸ್ಸಿನ ಜೀವವನ್ನು ಏನು ಮಾಡುತ್ತದೆಂದು ಸವಿತಾಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಶೆಲ್ಡನ್‌ಗೆ ಫೋನ್ ಮಾಡಿದಳು. ಪಾಳಿಯಲ್ಲಿರುವವರ ಮೊಬೈಲು ಲಾಕರಿನಲ್ಲಿರುತ್ತದೆ, ಯಾರೂ ಎತ್ತಲಿಲ್ಲ. ವಾರ್ಡಿನ ಫೋನಿಗೆ ಮಾಡಿದಳು. ರಿಂಗಾಯಿತು, ಎತ್ತಿದರು.

"ಹಲೋ, ಫೀಮೇಲ್ ವಾರ್ಡ್. ಯಾರು ಮಾತಾಡುವುದು?"

ಪ್ರಿಯಂವದಾ ಮೇಡಂ. ಸವಿತಾ ಫೋನ್ ಕಟ್ ಮಾಡಿದಳು.

ಯಾಕೆ ಮಾಡಿದಳೆಂದರೆ ಅವಳಿಗೂ ಹೇಳಲು ಬರುವುದಿಲ್ಲ. ಬೆರಳು ತಾನಾಗಿಯೇ ಹೋಯಿತು. ಹೆದರಿದವರ ಬುದ್ಧಿ ಮಂಡಿಗಿಂತ ಕೆಳಗಿರುತ್ತದೆ. ಕಾರ್ಕಳದ ಹುಡುಗಿ ನೆನಪಾದಳು, ಅವ್ವನ ಸೊಂಟ ನೆನಪಾಯಿತು, ಶೆಲ್ಡನ್ ಇನ್ನೂ ಕೊಟ್ಟಿರಲಿಕ್ಕಿಲ್ಲ ಎಂದು ಮನಸ್ಸು ಸುಳ್ಳೇ ಸಮಾಧಾನ ಹೇಳಿತು. ಮರುಕ್ಷಣವೇ ನಾಚಿಕೆಯಿಂದ ಮೈ ಉರಿದು ಮತ್ತೆ ಫೋನ್ ಮಾಡಿದಳು. ಈಗ ಲೈನ್ ಬ್ಯುಸಿ. ಮತ್ತೆ ಬ್ಯುಸಿ.

"ಯಾಕವಾ, ಏನಾತು? ಹಂಗ್ಯಾಕ ನಡುಗಾಕತ್ತಿ?"

"ಒಬ್ಬಾಕಿ ಜೀವ ಹೋಗತೈತವ್ವಾ," ಎಂದು ಸವಿತಾ ಚಪ್ಪಲಿ ಮೆಟ್ಟಿಕೊಂಡು ರಸ್ತೆಗೆ ಓಡಿದಳು.

ರಿಕ್ಷಾ ಸಿಕ್ಕಿತು. ಚಾಲಕ ರೂಪೇಶ್ ಅದೇ ಓಣಿಯವ. ಹೋಗುವುದೆಲ್ಲಿಗೆ, ಯಾಕೆ ಎಂದು ಕೇಳಲು ಬಾಯಿ ತೆರೆದವನು ಅವಳ ಮುಖ ಕಂಡು ಆಸ್ಪತ್ರೆಯ ಕಡೆಗೇ ಗಾಡಿ ತಿರುಗಿಸಿದ. ದಾರಿಯುದ್ದಕ್ಕೂ ಅವಳು ಫೋನ್ ಒತ್ತುತ್ತಲೇ ಇದ್ದಳು. ಮಣಿಪಾಲದ ಇಳಿಜಾರಿನಲ್ಲಿ ಕಾಲೇಜು ಹುಡುಗರ ಬೈಕುಗಳು, ಅಡ್ಡಕ್ಕೆ ನಿಂತ ಬಸ್ಸು. ಈಗ ಬೆವರುತ್ತಿರಬಹುದು, ಈಗ ಮಾತು ತೊದಲುತ್ತಿರಬಹುದು, ಈಗ ಯಾರೂ ಗಮನಿಸದೆ ಮಲಗಿದ್ದಾರೆಂದು ಹೊದಿಕೆ ಹೊದಿಸಿರಬಹುದು. ಉಡುಪಿ ಕೃಷ್ಣನನ್ನೂ ಊರಿನ ಬನಶಂಕರಿಯನ್ನೂ ಒಟ್ಟೊಟ್ಟಿಗೆ ಕರೆದಳು. ಯಾರು ಮೊದಲು ಬಿಡುವಾಗಿದ್ದರೆ ಅವರು ಬರಲಿ.

ಹಿಂದಿನ ಮೆಟ್ಟಿಲಿನ ಬಾಗಿಲು ಮುಚ್ಚಿತ್ತು. ಎಲ್ಲರೂ ನೋಡುತ್ತಿದ್ದಂತೆ ಮುಂದಿನ ಬಾಗಿಲಿನಿಂದಲೇ ನುಗ್ಗಿದಳು.

ವಾರ್ಡಿನಲ್ಲಿ ಕಂಡದ್ದು ಅವಳು ನೆನೆಸಿದ್ದಲ್ಲ. ಸುಭಾಷಿಣಿ ಅಮ್ಮ ದಿಂಬಿಗೆ ಒರಗಿ ಕೂತು ನಿಂಬೆ ಪಾನಕ ಕುಡಿಯುತ್ತಿದ್ದರು. ಮುಖ ಬಿಳಿಚಿತ್ತು, ಕೂದಲು ಬೆವರಿನಿಂದ ಹಣೆಗೆ ಅಂಟಿತ್ತು, ಆದರೆ ಕಣ್ಣು ತೆರೆದಿತ್ತು. ಭಟ್ಟರು ಬಟ್ಟೆಯ ಚೀಲಕ್ಕೆ ಸಾಮಾನು ತುಂಬುತ್ತಿದ್ದರು. ಡ್ಯೂಟಿ ಡಾಕ್ಟರ್ ಯಶ್ವಂತ್ ಕೈ ತೊಳೆದು ಬರುತ್ತಿದ್ದರು. ಮೇಡಂ ಮಂಚದ ತಲೆಯ ಬಳಿ ನಿಂತಿದ್ದರು.

"ಎಂತ ಮಾರಾಯ್ತಿ, ನೀನು ವಾಪಸ್ ಬಂದದ್ದು?" ಎಂದು ಶೆಲ್ಡನ್ ಹತ್ತಿರ ಬಂದು ಮೆಲ್ಲಗೆ ಹೇಳಿದ. "ಈಗಷ್ಟೇ ಜೀವ ಬಾಯಿಗೆ ಬಂದಿತ್ತು ನನಗೆ. ಅಮ್ಮನ ಶುಗರ್ ಪೂರ ಇಳಿದು ಹೋಗಿತ್ತು. ಇನ್ಸುಲಿನ್ ಕೊಟ್ಟೆ, ಅವರು ಊಟ ಎರಡು ಚಮಚ ಮಾತ್ರ ತಿಂದದ್ದಂತೆ. ಗ್ಲೂಕೋಸ್ ಕೊಟ್ಟ ಮೇಲೆ ಸರಿಯಾಯಿತು. ಈಗ ಹೊರಡ್ತಾರೆ."

"ಹೊರಡ್ತಾರೆ?"

"ಹೌದು, ಕಾರು ಬಂದು ನಿಂತಿದೆ," ಎಂದು ಮಾತು ಕಿವಿಗೆ ಬಿದ್ದ ಭಟ್ಟರು ತಾವೇ ಹೇಳಿದರು. "ದೀಪ ಹೊತ್ತಿಸುವ ಮೊದಲು ಇನ್ನಂಜೆ ಮುಟ್ಟಬೇಕು, ಸಿಸ್ಟರ್."

ಸವಿತಾ ಗೋಡೆ ಹಿಡಿದು ನಿಂತಳು. ಎಲ್ಲರೂ ಒಂದೇ ಪಾಲಿನ ಲೆಕ್ಕದಲ್ಲಿದ್ದಾರೆ. ಒಂದು ಪಾಲಾದರೆ ಈ ಗ್ಲೂಕೋಸ್ ಸಾಕು. ಆದರೆ ಅಮ್ಮನ ಮೈಯಲ್ಲಿ ಓಡುತ್ತಿರುವುದು ಎರಡು ಪಾಲು, ಅದರ ಬಿಸಿ ಇನ್ನೂ ಪೂರ್ತಿ ಏರಿಲ್ಲ. ಗ್ಲೂಕೋಸ್ ಕರಗಿದ ಕೂಡಲೇ ಮತ್ತೆ ಇಳಿಯುತ್ತದೆ, ಮೊದಲಿಗಿಂತ ಕೆಳಗೆ. ಆಗ ಕಾರು ಕಟಪಾಡಿ ದಾಟಿರುತ್ತದೆ. ನಿದ್ದೆ ಬಂತೆಂದು ಭಟ್ಟರು ಹೆಂಡತಿಯ ತಲೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಳ್ಳುತ್ತಾರೆ. ಮನೆಯಲ್ಲಿ ಇಳಿಸಲು ಹೋದರೆ ಏಳುವುದಿಲ್ಲ.

ಇದನ್ನು ಬಲ್ಲವಳು ಇಡೀ ವಾರ್ಡಿನಲ್ಲಿ ಒಬ್ಬಳೇ. ಆ ಒಬ್ಬಳು ದಾಖಲೆಯ ಪ್ರಕಾರ ಎರಡು ಗಂಟೆಗೇ ಮನೆಗೆ ಹೋದವಳು. ಬಾಯಿ ಮುಚ್ಚಿಕೊಂಡರೆ ಅವಳನ್ನು ಯಾರೂ ಹಿಡಿಯಲಾರರು. ನಾಳೆ ಏನಾದರೂ ಆದರೆ ತಪ್ಪು ಹೊರಿಸಲು ಶೆಲ್ಡನ್ ಇದ್ದಾನೆ, ಊಟ ಮಾಡದ ಅಮ್ಮ ಇದ್ದಾರೆ, ಹಣೆಬರಹ ಇದೆ. ಇಷ್ಟನ್ನೂ ಅವಳು ಯೋಚಿಸಿದಳು. ಯೋಚಿಸಿದಳೆಂದು ಹೇಳಲೇಬೇಕು, ಅವಳೇನು ದೇವಿಯಲ್ಲ. ಭಟ್ಟರು ಬಾಗಿ ಹೆಂಡತಿಯ ಬ್ಯಾಂಡೇಜಿನ ಕಾಲಿಗೆ ಮೆಲ್ಲಗೆ ಚಪ್ಪಲಿ ತೊಡಿಸತೊಡಗಿದರು.

"ಕಳಿಸಬೇಡಿ," ಎಂದಳು ಸವಿತಾ. ಧ್ವನಿ ತನ್ನದಲ್ಲವೆನಿಸಿತು. "ಡಾಕ್ಟರ್, ಅಮ್ಮನಿಗೆ ಇನ್ಸುಲಿನ್ ಎರಡು ಸಲ ಹೋಗಿದೆ. ಶೆಲ್ಡನ್ ಕೊಡುವ ಮೊದಲು ನಾನು ಕೊಟ್ಟಿದ್ದೆ. ಅವನಿಗೆ ಹೇಳದೆ ಹೋದೆ."

ಶೆಲ್ಡನ್ ಚಾರ್ಟು ಎತ್ತಿ ತನ್ನ ಸಹಿಯನ್ನೇ ನೋಡಿದ. ಡಾಕ್ಟರ್ ಯಶ್ವಂತ್ ಕೂಡಲೇ ಮಂಚದ ಕಡೆ ತಿರುಗಿದರು. "ಡೆಕ್ಸ್‌ಟ್ರೋಸ್ ಡ್ರಿಪ್ ಹಾಕಿ. ಡಿಸ್ಚಾರ್ಜ್ ಕ್ಯಾನ್ಸಲ್. ಭಟ್ರೇ, ಚಪ್ಪಲಿ ತೆಗೆಯಿರಿ."

ಮೇಡಂ ಮಾತ್ರ ನಿಂತಲ್ಲೇ ನಿಂತು ಕೇಳಿದರು. "ನೀವು ಕೊಡ್ಲಿಕ್ಕೆ ಹೇಗೆ ಸಾಧ್ಯ? ನೀವು ಎರಡು ಗಂಟೆಗೆ ಹೋಗಿದ್ದೀರಲ್ಲ?"

"ಹೋಗಿರಲಿಲ್ಲ ಮೇಡಂ."

"ಥಂಬ್ ಆಗಿದೆ."

"ಥಂಬ್ ಆಗಿದೆ. ನಾನು ಹೋಗಿರಲಿಲ್ಲ."

"ಡ್ಯೂಟಿಯಲ್ಲಿ ಇಲ್ಲದವರು ಪೇಷೆಂಟಿಗೆ ಇಂಜೆಕ್ಷನ್ ಕೊಟ್ಟದ್ದು ಅಂದರೆ ಅದಕ್ಕೆ ಎಂತ ಹೇಳುವುದು ಗೊತ್ತುಂಟಾ ನಿಮಗೆ?" ಮೇಡಂ ಬಾಗಿಲ ಕಡೆಗೊಮ್ಮೆ ನೋಡಿದರು. ಅವರಿಗೂ ಮೇಲಿನವರಿದ್ದರು, ಆ ಮೇಲಿನವರ ಭಯ ಅವರಿಗೂ ಇತ್ತು. "ಮೊದಲು ವಾರ್ಡಿನಿಂದ ಹೊರಗೆ ಹೋಗಿ. ನಿಮಗೆ ಇಲ್ಲಿ ಎಂತದೂ ಕೆಲಸ ಇಲ್ಲ."

ಸವಿತಾ ಬಾಗಿಲ ಹೊರಗಿನ ಬೆಂಚಿನಲ್ಲಿ ಕೂತಳು. ಭಟ್ಟರು ಹೊರಗೆ ಬಂದು ಅವಳೆದುರು ನಿಂತರು. ಹೊಡೆಯುತ್ತಾರೇನೋ ಎಂದು ಅವಳು ತಲೆ ತಗ್ಗಿಸಿದಳು. ಹೊಡೆದರೆ ಹೊಡೆಯಲಿ.

"ನೀವು ಹೇಳದಿದ್ದರೆ ನಾವು ಈಗ ದಾರಿಯಲ್ಲಿ ಇರುತ್ತಿದ್ದೆವು, ಅಲ್ವಾ?" ಎಂದು ಅವರು ಕೇಳಿದರು.

"ಹೌದು."

ಭಟ್ಟರ ಕೈ ಜನಿವಾರವನ್ನು ಹಿಡಿದುಕೊಂಡು ಹಾಗೇ ನಿಂತಿತು. ಬೈಯಬೇಕೋ ಕೈ ಮುಗಿಯಬೇಕೋ ಅವರಿಗೂ ತಿಳಿಯಲಿಲ್ಲ. ಎರಡನ್ನೂ ಮಾಡದೆ ಒಳಗೆ ಹೋದರು.

ಸ್ವಲ್ಪ ಹೊತ್ತಿನಲ್ಲೇ ಒಳಗಿನಿಂದ ಗಲಾಟೆ ಕೇಳಿಸಿತು. ಅಮ್ಮನ ಕೈಯ ನರದಿಂದ ಡ್ರಿಪ್ ಸೂಜಿ ಜಾರಿ ತೋಳು ಊದಿತ್ತು, ಶುಗರ್ ಮತ್ತೆ ಕುಸಿದಿತ್ತು. ಡಾಕ್ಟರ್ ಮೇಲಿನ ಮಹಡಿಗೆ ಹೋಗಿದ್ದರು. ಶೆಲ್ಡನ್ ಇನ್ನೊಂದು ನರ ಹುಡುಕುತ್ತಿದ್ದ, ಸಿಗುತ್ತಿರಲಿಲ್ಲ. ಅಮ್ಮನ ಕಣ್ಣುಗುಡ್ಡೆ ಮೇಲಾಗಿತ್ತು, ಗಂಟಲಲ್ಲಿ ಗೊರಗೊರ ಶಬ್ದ.

"ಸವಿತಾ!" ಮೇಡಂ ಬಾಗಿಲಿಗೆ ಬಂದು ಕೂಗಿದರು. "ಎಂತ ನೋಡ್ತಾ ಕೂತದ್ದು ನೀವು? ಬನ್ನಿ, ಬೇಗ!"

ಸವಿತಾ ಓಡಿದಳು. ಒಬ್ಬರು ಅಮ್ಮನ ತಲೆ ಓರೆ ಮಾಡಿ ಹಿಡಿದರು, ಒಬ್ಬ ಕೈ ಬಿಗಿದು ಹಿಡಿದ, ಇನ್ನೊಬ್ಬಳು ಮಣಿಕಟ್ಟಿನ ನರಕ್ಕೆ ಸೂಜಿ ಇಳಿಸಿದಳು. ಯಾರು ಡ್ಯೂಟಿಯಲ್ಲಿದ್ದಾರೆ, ಯಾರು ಇಲ್ಲ ಎಂದು ಆಗ ಯಾರೂ ಕೇಳಲಿಲ್ಲ. ಡೆಕ್ಸ್‌ಟ್ರೋಸಿನ ಸಕ್ಕರೆ ನೀರು ಒಳಗೆ ಹೋಯಿತು. ಬಹಳ ಹೊತ್ತಾದ ಮೇಲೆ, ಅಥವಾ ಅಷ್ಟು ಹೊತ್ತಾದಂತೆ ಅನಿಸಿದ ಮೇಲೆ, ಸುಭಾಷಿಣಿ ಅಮ್ಮ ಕಣ್ಣು ಬಿಟ್ಟು, "ಕಾರು ಹೋಯಿತಾ?" ಎಂದು ಕೇಳಿದರು. ಭಟ್ಟರು ಮಂಚದ ಕಬ್ಬಿಣಕ್ಕೆ ಹಣೆಯಿಟ್ಟು ಅತ್ತುಬಿಟ್ಟರು.

ಮೇಡಂ ಸೀರೆಯ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ಡಾಕ್ಟರ್ ಬಂದು ನೋಡಿ, ರಾತ್ರಿಯ ತನಕ ಒಬ್ಬರು ಪಕ್ಕದಲ್ಲೇ ಇರಬೇಕೆಂದು ಹೇಳಿ ಹೋದರು. ಶೆಲ್ಡನ್‌ಗೆ ಇಡೀ ವಾರ್ಡು ನೋಡಲಿಕ್ಕಿತ್ತು.

"ಸವಿತಾ," ಎಂದರು ಮೇಡಂ, ಅವಳ ಮುಖ ನೋಡದೆ. "ಇವತ್ತು ಇವರ ಹತ್ತಿರ ನೀವೇ ಇರಬೇಕು. ಆಗಾಗ ಶುಗರ್ ನೋಡ್ತಾ ಇರಿ. ಬೇರೆ ಯಾರೂ ಇಲ್ಲ ನನ್ನ ಹತ್ತಿರ. ಮತ್ತೆ, ನಾಳೆ ಬೆಳಿಗ್ಗೆ ಆಫೀಸಿಗೆ ಬರುವಾಗ ವಿವರಣೆ ಬರೆದು ತನ್ನಿ, ಡ್ಯೂಟಿ ಮುಗಿದ ಮೇಲೆ ನೀವು ವಾರ್ಡಿನಲ್ಲಿ ಯಾಕೆ ಇದ್ದದ್ದು ಅಂತ."

ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಹೇಳಿದ ಮೇಲೆ ಅವರಿಗೇ ಹೇಗೋ ಆಗಿರಬೇಕು, ಬಾಗಿಲಲ್ಲಿ ಒಮ್ಮೆ ನಿಂತು ಹೊರಟುಹೋದರು. ಸವಿತಾಳಿಗೆ ನಾಳೆಯ ಭಯ ಒಂದು ಕಡೆ, ಈಗಿನ ಭಯ ಇನ್ನೊಂದು ಕಡೆ. ಅವಳು ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡು ಕೂತು, ಅಮ್ಮನ ಬೆವರಿದ ಅಂಗೈಯನ್ನು ಒರೆಸಿದಳು.