ಎರಡು ಡಿಸ್ಕ್, ಒಂದು ಕಿವಿ

ಮೂರು ವಾರದಿಂದ ನಾನು ಎಲ್ಲಿ ಕೂತರೂ ಬೆನ್ನನ್ನು ಗೋಡೆಗೆ ಕೊಟ್ಟೇ ಕೂರುತ್ತಿದ್ದೆ. ಕಿವಿ ಕೇಳದವಳಿಗೆ ಭಯವೆಲ್ಲ ಬೆನ್ನ ಹಿಂದೆಯೇ ಇರುತ್ತದೆ. ಹಿಂದಿನ ವಾರ ಲಾರಿಯೊಂದು ಹಿಮ್ಮುಖವಾಗಿ ಬಂದು ನನ್ನ ಕೈಚೀಲವನ್ನು ಸವರಿಕೊಂಡು ಹೋಯಿತು. ಚಾಲಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಬಾಯಿತುಂಬ ಬೈದ. ಆ ಮಾತುಗಳನ್ನು ತಿಳಿಯಲು ಕಿವಿ ಬೇಕಾಗಿಲ್ಲ, ತುಟಿ ನೋಡಿದರೆ ಸಾಕು. ಮನೆಗೆ ಬಂದವಳೇ ಬಚ್ಚಲ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಇಪ್ಪತ್ತನೇ ವಯಸ್ಸಿನಲ್ಲಿ ಜ್ವರ ಬಂದು ನನ್ನ ಎರಡೂ ಕಿವಿ ಹೋದವು. ಮೂರು ವರ್ಷದ ಮೇಲೆ ಬಲಗಿವಿಯ ಹಿಂದೆ, ತಲೆಬುರುಡೆಯಲ್ಲಿ ಒಂದು ಯಂತ್ರ ಕೂರಿಸಿದರು. ಹೊರಗಡೆ ಕಿವಿಗೆ ಸಿಕ್ಕಿಸಿಕೊಳ್ಳುವ ಇನ್ನೊಂದು ಪುಟ್ಟ ಯಂತ್ರ ಸದ್ದನ್ನು ಹಿಡಿದು ಒಳಗಿನದಕ್ಕೆ ದಾಟಿಸುತ್ತದೆ. ಯಾವ ಸದ್ದಿಗೆ ಎಷ್ಟು ಕರೆಂಟು ಎಂಬ ಹೊಂದಿಕೆ ಒಬ್ಬೊಬ್ಬರಿಗೂ ಬೇರೆ. ನನ್ನದನ್ನು ಕೂಡಿಸಲು ಡಾಕ್ಟರಿಗೆ ಒಂದು ವರ್ಷ ಹಿಡಿದಿತ್ತು. ಮೂರು ವಾರದ ಹಿಂದೆ ಹೊರಗಿನ ಯಂತ್ರ ಸುಟ್ಟುಹೋಯಿತು. ಅದೇ ಮಾದರಿಯ ಇನ್ನೊಂದು ಹೇಗೋ ಸಿಕ್ಕಿತು, ಆದರೆ ಅದರೊಳಗೆ ನನ್ನ ಹೊಂದಿಕೆ ಇಲ್ಲ. ತಯಾರಿಸಿದ ಕಂಪನಿ ಬಾಗಿಲು ಮುಚ್ಚಿ ಯಾವ ಕಾಲವಾಯಿತೋ. ನಿವೃತ್ತರಾದ ಡಾಕ್ಟರು ರೋಗಿಗಳ ಹೊಂದಿಕೆ ಕೂಡಿಸುತ್ತಿದ್ದ ತಮ್ಮ ಹಳೆಯ ಯಂತ್ರದ ಪೆಟ್ಟಿಗೆಯನ್ನೇ ನನ್ನ ಮಡಿಲಿಗೆ ಹಾಕಿ, ಚೀಟಿಯಲ್ಲಿ ಬರೆದು ತೋರಿಸಿದರು: "ನಿನ್ನದು ಇದರೊಳಗಿದೆ. ಬೇರೆಲ್ಲೂ ಇಲ್ಲ."

ಪೆಟ್ಟಿಗೆಯೊಳಗೆ ಇದ್ದದ್ದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಹಾರ್ಡ್ ಡಿಸ್ಕ್. ಅಷ್ಟು ಚಿಕ್ಕದರ ಒಳಗೂ ಬಿಲ್ಲೆಯೊಂದು ಗಿರಗಿರ ತಿರುಗುತ್ತದೆ. ಒಂದು ಕಾಲದ ಕ್ಯಾಮೆರಾಗಳಲ್ಲಿ, ಹಾಡಿನ ಡಬ್ಬಿಗಳಲ್ಲಿ ಇವೇ ಇರುತ್ತಿದ್ದವು. ಅಂಥವನ್ನು ರಿಪೇರಿ ಮಾಡುವುದೇ ನನ್ನ ಕಸುಬು. ಹಾಗಂತ ಧೈರ್ಯವೇನೂ ಬರಲಿಲ್ಲ.

ಮೊದಲ ದಿನ ಅದಕ್ಕೆ ಕರೆಂಟು ಕೊಟ್ಟಾಗ ಗಂಡ ಕಿವಿಗೊಟ್ಟು ಕೇಳಿ, ನನ್ನ ಮುಂಗೈ ಮೇಲೆ ಬೆರಳಿನಿಂದ ಬಡಿದು ತೋರಿಸಿದ. ಟಿಕ್ ಟಿಕ್ ಟಿಕ್, ಸ್ವಲ್ಪ ಮೌನ, ಮತ್ತೆ ಟಿಕ್ ಟಿಕ್ ಟಿಕ್. ಹಾಗೆ ಟಿಕ್ ಎನ್ನುವ ಡಿಸ್ಕ್ ಇವತ್ತೋ ನಾಳೆಯೋ ಎಂದು ಎಣಿಸುತ್ತಿರುತ್ತದೆ. ಉಳಿದದ್ದು ಒಂದೇ ದಾರಿ: ಅದೇ ಮಾದರಿಯ ಗಟ್ಟಿ ಡಿಸ್ಕ್ ಒಂದನ್ನು ಹುಡುಕಿ, ಎರಡನ್ನೂ ನನ್ನ ಕಂಪ್ಯೂಟರಿಗೆ ಜೋಡಿಸಿ, ಹಳೆಯದರಲ್ಲಿರುವುದನ್ನೆಲ್ಲ ಹೊಸದಕ್ಕೆ ಇಳಿಸಿ, ಆ ಹೊಸದನ್ನು ಪೆಟ್ಟಿಗೆಯಲ್ಲಿ ಕೂರಿಸಬೇಕು. ಗುಜರಿಗೆ ಹಾಕಿದ್ದ ಹಾಡಿನ ಡಬ್ಬಿಯೊಂದರಲ್ಲಿ ಅಂಥದು ಸಿಕ್ಕಿತು.

ಆ ಮಧ್ಯಾಹ್ನ ಗಂಡ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ನಾನು ಮತ್ತು ಅತ್ತೆ. ಗೋಡೆಗೂ ಕಿವಿ ಇರುತ್ತದೆ ಎನ್ನುತ್ತಾರೆ. ನಮ್ಮ ಮನೆಯ ಗೋಡೆಗಳಿಗೆ ಏನಾದರೂ ತಿಳಿಯಬೇಕಿದ್ದರೆ ಅವೂ ಅತ್ತೆಯನ್ನೇ ಕೇಳಬೇಕು. ಕೆಳಮನೆಯ ಗಂಡ ಹೆಂಡಿರ ಜಗಳ, ಮೇಲ್ಮನೆಯಲ್ಲಿ ಬಿದ್ದ ಚಮಚ, ಯಾವುದೂ ಅವರಿಗೆ ತಪ್ಪುತ್ತಿರಲಿಲ್ಲ. "ನಾನು ಈ ಮನೆಯ ಕಿವಿ ಕಣೇ" ಎಂದು ನನ್ನನ್ನು ಹಂಗಿಸುತ್ತಿದ್ದರು. ಹಂಗಿಸಿದರೂ ನನಗೆ ಅದೇ ಆಸರೆಯಾಗಿತ್ತು.

ಎರಡು ಡಿಸ್ಕ್‌ಗಳ ಬೆನ್ನಿಗೂ ಪೆನ್ನಿನಲ್ಲಿ ಗುರುತು ಹಾಕಿದ್ದೆ, ಹಳೆಯದಕ್ಕೆ ಒಂದು ಗೆರೆ, ಹೊಸದಕ್ಕೆ ಎರಡು. ಜೋಡಿಸುವ ಮುಂಚೆ ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಎರಡನ್ನೂ ಒರೆಸುತ್ತಿದ್ದೆ. ಆಗ ಬಾಗಿಲ ಮೇಲಿನ ಬಲ್ಬು ಮಿಣುಕಿತು. ಯಾರಾದರೂ ಕರೆಗಂಟೆ ಒತ್ತಿದರೆ ನನಗೆ ತಿಳಿಯಲೆಂದು ಗಂಡ ಕೆಲಸದ ಕೋಣೆಯಲ್ಲಿ ಹಾಕಿಸಿದ ಬಲ್ಬು ಅದು. ಎದ್ದು ಓಡಿದೆ. ಅತ್ತೆ ಹೊರಬಾಗಿಲಿಗೆ ಎರಡೇ ಹೆಜ್ಜೆ ದೂರದಲ್ಲಿ ಕೂತು ಬಟ್ಟೆ ಮಡಚುತ್ತಿದ್ದರು. ಮಹಾರಾಣಿಯವರು ಇವತ್ತು ಏಳುವುದಿಲ್ಲವಂತೆ ಎಂದು ಮನಸ್ಸಿನಲ್ಲೇ ಗೊಣಗಿ ಬಾಗಿಲು ತೆರೆದೆ. ಯಾರೋ ವಿಳಾಸ ತಪ್ಪಿ ಬಂದಿದ್ದರು.

ಹಿಂತಿರುಗಿ ಬಂದು ನೋಡಿದೆ. ಒದ್ದೆ ಬಟ್ಟೆಯ ಮೇಲೆ ಎರಡೂ ಅಕ್ಕಪಕ್ಕ ಮಲಗಿದ್ದವು. ಎರಡರ ಬೆನ್ನೂ ಬೋಳು. ಸ್ಪಿರಿಟ್ಟು ನನ್ನ ಗೆರೆಗಳನ್ನು ನುಂಗಿಬಿಟ್ಟಿತ್ತು. ಬಿಟ್ಟು ಹೋಗುವಾಗ ಯಾವುದನ್ನು ಎಡಕ್ಕಿಟ್ಟೆ? ನೆನಪಾಗಲಿಲ್ಲ. ಮೈಮೇಲಿನ ಕ್ರಮಸಂಖ್ಯೆಯನ್ನಾದರೂ ಬರೆದಿಟ್ಟುಕೊಳ್ಳಬೇಕಿತ್ತು. ಬಂದ ಗಿರಾಕಿಗಳಿಗೆಲ್ಲ ಅದನ್ನೇ ಉಪದೇಶ ಮಾಡುವವಳು ನಾನು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಎರಡನ್ನೂ ಬೇರೆ ಬೇರೆ ತಂತಿಗೆ ಸಿಕ್ಕಿಸಿದೆ. ಯಾವುದು ಮೊದಲನೆಯದು, ಯಾವುದು ಎರಡನೆಯದು ಎಂದು ಕಂಪ್ಯೂಟರಿಗೆ ಹೇಳುವ ಸಾಸಿವೆಯಷ್ಟು ಪ್ಲಾಸ್ಟಿಕ್ ಟೋಪಿಯನ್ನು ಚಿಮುಟದಲ್ಲಿ ಹಿಡಿದು ಮೊದಲನೆಯದರ ಲೋಹದ ಕಡ್ಡಿಗಳಿಗೆ ತೊಡಿಸಿದೆ. ಪರದೆಯ ಮೇಲೆ ಒಂದೇ ಹೆಸರು, ಒಂದೇ ಅಳತೆ, ಎರಡು ಸಲ. ಹಳೆಯದರ ಬರಹ ಡಾಕ್ಟರ ಪೆಟ್ಟಿಗೆಗೆ ಮಾತ್ರ ಓದಲು ಬರುವಂಥದ್ದು, ಹೊಸದರ ಹಾಡುಗಳನ್ನು ನಾನೇ ಅಳಿಸಿಟ್ಟಿದ್ದೆ, ಹಾಗಾಗಿ ಕಂಪ್ಯೂಟರಿನ ಕಣ್ಣಿಗೆ ಎರಡೂ ಖಾಲಿ. ಹಳೆಯದು ಟಿಕ್ ಎನ್ನುತ್ತದೆ, ಹೊಸದು ಎನ್ನುವುದಿಲ್ಲ, ವ್ಯತ್ಯಾಸ ಅಷ್ಟೇ. ಸಂಜೆ ಗಂಡ ಬರುವವರೆಗೆ ಕಾಯೋಣವೆಂದರೆ ಹಳೆಯದು ತಿರುಗತೊಡಗಿಯಾಗಿತ್ತು. ಆರಿಸಿದರೆ ಮತ್ತೆ ಎದ್ದೀತೆಂಬ ನಂಬಿಕೆ ಇರಲಿಲ್ಲ.

ಅತ್ತೆಯನ್ನು ಕೈಹಿಡಿದು ಎಳೆದು ತಂದೆ. ಅವರು ಆಗಷ್ಟೇ ಸಿಳ್ಳೆ ಹಾಕುವ ಕೆಟಲನ್ನು ಒಲೆಯ ಮೇಲಿಟ್ಟಿದ್ದರು.

"ಯಾವುದು ಟಿಕ್ ಟಿಕ್ ಅನ್ನುತ್ತೆ ಹೇಳಿ ಅತ್ತೆ. ತಪ್ಪಬಾರದು. ತಪ್ಪಿದ್ರೆ ನನ್ನ ಕಿವಿ ಹೋದ ಹಾಗೇ."

ಅವರು ಬಗ್ಗಿ ಮೊದಲನೆಯದಕ್ಕೆ ಕಿವಿಕೊಟ್ಟರು, ಎರಡನೆಯದಕ್ಕೆ ಕೊಟ್ಟರು. ತಲೆ ಎತ್ತಿ ನನ್ನ ಮುಖ ನೋಡಿದರು. ಎರಡನೆಯದರ ಮೇಲೆ ಬೆರಳಿಟ್ಟು, "ಇದು ಸುಮ್ನಿದೆ" ಎಂದರು. ಮೊದಲನೆಯದನ್ನು ತೋರಿಸಿ, "ಇದೇ ಕಣೇ, ಟಿಕ್ ಟಿಕ್ ಅಂತ ಬಡ್ಕೊಳ್ತಿದೆ" ಎಂದರು.

ಎಲ್ಲಿಂದ ಎಂಬಲ್ಲಿ ಒಂದು, ಎಲ್ಲಿಗೆ ಎಂಬಲ್ಲಿ ಎರಡು ಎಂದು ಒತ್ತಿದೆ. ಎರಡನೆಯದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಹೌದೇ ಎಂದು ಪರದೆ ಕೇಳಿತು. ಬೆರಳು ಕೀಲಿಯ ಮೇಲಿತ್ತು. ಏಕೋ ಒಮ್ಮೆ ಅತ್ತೆಯ ಕಡೆ ತಿರುಗಿದೆ.

ಅವರ ಹೆಗಲ ಹಿಂದೆ ಅಡುಗೆಮನೆಯ ಬಾಗಿಲು ಕಾಣುತ್ತಿತ್ತು. ಕೆಟಲಿನ ಮೂತಿಯಿಂದ ಹಬೆ ಸೂಜಿಯಂತೆ ನೆಟ್ಟಗೆ ಚಿಮ್ಮುತ್ತಿತ್ತು. ಕಿಟಕಿಯ ಗಾಜು ಪೂರಾ ಮಂಜಾಗಿತ್ತು. ಅದು ಸಿಳ್ಳೆ ಹಾಕತೊಡಗಿ ಎಷ್ಟೋ ಹೊತ್ತಾಗಿರಬೇಕು. ಅತ್ತೆ ಅತ್ತ ತಿರುಗಿಯೂ ನೋಡಿರಲಿಲ್ಲ. ಅವರ ಕಣ್ಣು ನನ್ನ ತುಟಿಯ ಮೇಲೆ ನೆಟ್ಟಿತ್ತು.

ಹಾವಿನ ಹೆಜ್ಜೆ ಹಾವಿಗೇ ಗೊತ್ತು. ಆ ನೋಟ ನನ್ನದು. ಜ್ವರ ಬಂದಂದಿನಿಂದ, ಯಂತ್ರ ಇದ್ದಾಗಲೂ, ಹದಿನೆಂಟು ವರ್ಷ ನಾನು ಜನರನ್ನು ನೋಡಿದ್ದು ಹಾಗೆಯೇ.

ಅಂಗೈಯಿಂದ ಬಾಯಿ ಮುಚ್ಚಿಕೊಂಡು ಹೇಳಿದೆ: "ಅತ್ತೆ, ಕೆಟಲ್ ಸಿಳ್ಳೆ ಹಾಕ್ತಿದೆ."

ಅತ್ತೆ ನಕ್ಕು ತಲೆಯಾಡಿಸಿದರು. "ಹ್ಞೂಂ, ಅದೇ ಅಂದ್ನಲ್ಲ. ಟಿಕ್ ಟಿಕ್."

ಕೀಲಿಯ ಮೇಲಿನ ಬೆರಳನ್ನು ಹಾವಿನ ಮೇಲಿಂದ ತೆಗೆಯುವಂತೆ ತೆಗೆದೆ. ಬಾಯಿಂದ ಕೈ ಸರಿಸಿ ಕೇಳಿದೆ: "ಯಾವಾಗಿಂದ?"

ಅತ್ತೆಯ ನಗು ಆರಿತು. "ವರ್ಷದಿಂದ ಕಮ್ಮಿ ಆಗ್ತಾ ಬಂತು. ಈಗ ಎರಡು ತಿಂಗಳಿಂದ ಏನೂ ಇಲ್ಲ."

"ಮತ್ತೆ ಟಿಕ್ ಟಿಕ್ ಅಂದ್ರಲ್ಲ!"

"ನಿನ್ನ ಮುಖ ನೋಡ್ದೆ. ನೀನು ಇದರ ಕಡೆನೇ ನೋಡ್ತಿದ್ದೆ. ಇದೇ ಇರ್ಬೇಕು ಅಂದ್ಕೊಂಡೆ."

ನನಗೆ ಬಂದ ಸಿಟ್ಟಿಗೆ ಮೇಜನ್ನೇ ತಲೆಕೆಳಗು ಮಾಡಬೇಕಿತ್ತು. ಅವರು ಜೋರಾಗಿ ಮಾತಾಡುವುದು, ಟೀವಿ ಜೋರು ಮಾಡುವುದು, ಎಲ್ಲ ನನಗೋಸ್ಕರ ಎಂದು ನಾನು ನಂಬಿದ್ದೆ. "ಯಾಕೆ ಮುಚ್ಚಿಟ್ರಿ?" ಎಂದು ಕಿರುಚಿದೆ. ಕಿರುಚಿ ಏನು ಪ್ರಯೋಜನ, ಕೇಳುವವರು ಯಾರು?

"ಮನೆಗೆ ಒಂದು ಕಿವಿನಾದ್ರೂ ಬೇಡ್ವೇನೇ? ನಿಂದೂ ಹೋಯ್ತು, ನಂದೂ ಇಲ್ಲ ಅಂದ್ರೆ ಅವನು ಹೇಗೆ ತಡ್ಕೊಳ್ತಾನೆ? ಅವನಿಗೆ ಹೇಳ್ಬೇಡ ಕಣೇ. ಮೂಲೆಗೆ ಕೂರಿಸಿಬಿಡ್ತೀರಿ." ಅವರ ಗಲ್ಲ ನಡುಗುತ್ತಿತ್ತು. ಅಷ್ಟು ಭಯ ನನಗೆ ಮಾತ್ರ ಇದೆ ಎಂದುಕೊಂಡಿದ್ದೆ.

ಒಲೆ ಆರಿಸಿ ಬಂದೆ. ಇಬ್ಬರು ಕಿವುಡಿಯರು, ಎರಡು ಡಿಸ್ಕ್. ನನ್ನ ಕಣ್ಣು ಮೇಜಿನ ಮೇಲಿದ್ದ ಪೆನ್ಸಿಲಿನ ಮೇಲೆ ಬಿತ್ತು. ಅದರ ಹಿಂಬದಿಯನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಮೊದಲನೆಯ ಡಿಸ್ಕಿಗೆ ಮೆಲ್ಲನೆ ಒರಗಿಸಿದೆ. ಹಲ್ಲಿನ ಬೇರಿನಲ್ಲಿ ನೊಣದ ರೆಕ್ಕೆಯಂಥ ಒಂದೇ ಸಮನೆಯ ಜುಮ್ಮು. ಎರಡನೆಯದಕ್ಕೆ ಒರಗಿಸಿದೆ. ಜುಮ್ಮು, ಆಮೇಲೆ ದವಡೆಗೆ ಮೂರು ಏಟು. ಮೌನ. ಮತ್ತೆ ಮೂರು ಏಟು.

ಅಳಿಸುತ್ತೇನೆಂದು ಹೊರಟದ್ದು ಇದನ್ನೇ. ಹಲ್ಲು ಮೊದಲೇ ಯಾಕೆ ನೆನಪಾಗಲಿಲ್ಲವೋ. ಕಿವಿ ಇರುವವರು ಮನೆಯಲ್ಲಿರುವಾಗ ಹಲ್ಲಿನ ನೆನಪು ಯಾರಿಗೆ ಬರುತ್ತದೆ!

ಸಂಖ್ಯೆಗಳನ್ನು ಅದಲುಬದಲು ಮಾಡಿ ಕೀಲಿ ಒತ್ತಿದೆ. ಇಳಿಸಿಕೊಳ್ಳಲು ನಲವತ್ತು ನಿಮಿಷ ಹಿಡಿಯಿತು. ನೂರಕ್ಕೆ ಎಪ್ಪತ್ತೊಂದರಲ್ಲಿ ಅಂಕಿ ನಿಂತುಬಿಟ್ಟಿತು. ಪೆನ್ಸಿಲು ಕಚ್ಚಿಕೊಂಡೇ ಕೂತಿದ್ದೆ. ಪ್ರತಿ ಮೂರು ಏಟಿಗೂ ಅತ್ತೆಯ ಮುಂಗೈ ಮೇಲೆ ಮೂರು ಸಲ ಬಡಿಯುತ್ತಿದ್ದೆ, ಇನ್ನೂ ಜೀವ ಇದೆ ಎಂದು. ಅವರು ಉಸಿರು ಬಿಗಿಹಿಡಿದಿದ್ದರು. ಅಂಕಿ ಎಪ್ಪತ್ತೆರಡಾದಾಗ ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟೆವು.

ಹೊಸದನ್ನು ಪೆಟ್ಟಿಗೆಯಲ್ಲಿ ಕೂರಿಸಿ, ಟೋಪಿ ತೊಡಿಸಿ, ಗುಂಡಿ ಒತ್ತಿದೆ. ರೋಗಿಗಳ ಪಟ್ಟಿಯಲ್ಲಿ ನನ್ನ ಸಂಖ್ಯೆ ಬಂತು. ಅದರ ಎದುರಿಗಿದ್ದ ಹೊಂದಿಕೆಯನ್ನು ಕಿವಿಯ ಯಂತ್ರಕ್ಕೆ ಇಳಿಸಿದೆ. ಅಷ್ಟಾದರೂ ಭಯ ಬಿಡಲಿಲ್ಲ. ಒಂದು ಅಂಕಿ ಹೆಚ್ಚುಕಮ್ಮಿಯಾಗಿದ್ದರೆ ತಲೆಯೊಳಗೆ ಸಿಡಿಲು ಹೊಡೆದಂತಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಕಣ್ಣು ಮುಚ್ಚಿ ಸಿಕ್ಕಿಸಿಕೊಂಡೆ.

ಗಡಿಯಾರ. ಫ್ಯಾನು. ಟೀವಿಯಲ್ಲಿ ಯಾರೋ ಹೆಂಗಸು ಗಂಟಲು ಹರಿಯುವಂತೆ ಅಳುತ್ತಿದ್ದಳು.

"ಕೇಳಿಸ್ತೇನೇ?" ಎಂದು ಅತ್ತೆ ಕೂಗಿದರು. ಏರಿಳಿತವಿಲ್ಲದ, ತನ್ನ ದನಿ ತನಗೇ ಕೇಳದ ಕೂಗು. ಜ್ವರದ ನಂತರದ ಮೂರು ವರ್ಷ ನಾನೂ ಹೀಗೇ ಕೂಗುತ್ತಿದ್ದೆ ಎಂದು ಅಮ್ಮ ಹೇಳುತ್ತಿದ್ದಳು. ನನಗೆ ಅಳು ಬಂತು. ಅಳುವಾಗ ತುಟಿ ಸೊಟ್ಟಗಾಗಿ ಅವರಿಗೆ ಓದಲಾಗಲಿಲ್ಲವೇನೋ, "ಏನಂದೆ? ಏನಂದೆ?" ಎಂದು ಕಂಗಾಲಾದರು.

"ಕೇಳಿಸ್ತು ಅತ್ತೆ" ಎಂದು ಬಿಡಿಸಿ ಬಿಡಿಸಿ ಹೇಳಿದೆ. "ನಾಳೆ ನಿಮ್ಮ ಕಿವಿ ತೋರಿಸೋಕೆ ಹೋಗೋಣ. ನಾನೇ ಕರ್ಕೊಂಡು ಹೋಗ್ತೀನಿ."

"ಅವನಿಗೆ?"

"ಇವತ್ತು ಹೇಳಲ್ಲ."

ಆಗ ಕರೆಗಂಟೆಯಾಯಿತು. ಬಲ್ಬು ಅತ್ತೆಯ ಬೆನ್ನ ಹಿಂದೆ ಮಿಣುಕಿ ಆರಿತು. ಅವರು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಅವರ ಮುಂಗೈ ಹಿಡಿದು ಒಂದು ಸಲ ಬಡಿದು, ಬಾಗಿಲ ಕಡೆ ಕಣ್ಣು ಹಾಯಿಸಿದೆ.

ಅವರಿಗೆ ಅರ್ಥವಾಯಿತು. ಸೆರಗು ಸರಿಮಾಡಿಕೊಂಡು ನನಗಿಂತ ಮೊದಲೇ ದಡದಡ ನಡೆದು ಬಾಗಿಲು ತೆರೆದರು. ಮಗ ಒಳಗೆ ಕಾಲಿಡುವ ಮುಂಚೆಯೇ ಗದರಿದರು: "ಎಷ್ಟು ಸಲ ಹೊಡೀತೀಯೋ? ನಾನೇನು ಕಿವುಡಿನಾ?"

ಅವನು ಒಂದೇ ಸಲ ಒತ್ತಿದ್ದ. ನಾನು ಕೇಳಿಸಿಕೊಂಡಿದ್ದೆ.